1971ರಲ್ಲಿ ತೀರಿಕೊಂಡ ನಮ್ಮ ದೊಡ್ಡಪ್ಪನ ಪಲ್ಟನ್ನಿನವರು ಯಾರಾದರೂ ಸಿಗಬಹುದಾ?

ಹುಕ್ಕೇರಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸಿಪಾಯಿ ಆಗಿದ್ದರು. 1971ರ ಡಿಸೆಂಬರಿನಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ. ಮನೆಗೆ ಮೊದಲು ತಾರು ಬಂತು, ಆಮೇಲೆ ಅವರ ಟ್ರಂಕು ಬಂತು. ದೇಹ ಬರಲಿಲ್ಲ. ಅದಕ್ಕೇ ನಮ್ಮ ಆಯಿ, ಅಂದರೆ ದೊಡ್ಡಪ್ಪನ ತಾಯಿ, ಎಷ್ಟೋ ವರ್ಷ ನಂಬಲೇ ಇಲ್ಲವಂತೆ, ಘಟಪ್ರಭಾ ಸ್ಟೇಷನ್ನಿನಲ್ಲಿ ಯಾರೋ ಮಿಲ್ಟ್ರಿಯವರು ಇಳಿದರು ಅಂತ ಸುದ್ದಿ ಸಿಕ್ಕರೆ ಸಾಕು, ಅವರ ಮನೆ ಹುಡುಕಿಕೊಂಡು ಹೋಗಿ ವಿಚಾರಿಸುತ್ತಿದ್ದರಂತೆ.

ಆಯಿ ಈಗ ಇಲ್ಲ. ಅಪ್ಪನಿಗೆ ಎಪ್ಪತ್ತರ ಹತ್ತಿರ. ದೊಡ್ಡಪ್ಪನ ಬಗ್ಗೆ ಮನೆಯಲ್ಲಿ ಗೊತ್ತಿರುವುದೆಲ್ಲ ಅವರು ಭರ್ತಿ ಆಗುವ ಮುಂಚಿನದು. ಕುಸ್ತಿ ಆಡುತ್ತಿದ್ದರು, ಹೊಳೆ ತುಂಬಿದಾಗಲೂ ಈಜಿ ಆಚೆ ದಡಕ್ಕೆ ಹೋಗುತ್ತಿದ್ದರು, ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ಯುತ್ತಿದ್ದರು. ಸೇನೆಗೆ ಸೇರಿದ ಮೇಲಿನ ಮೂರು ವರ್ಷ ಪೂರ್ತಿ ಖಾಲಿ. ಎಲ್ಲಿದ್ದರು, ಯಾರ ಜೊತೆ ಇದ್ದರು, ಕೊನೆಯ ದಿನ ಏನಾಯಿತು, ಒಂದೂ ಗೊತ್ತಿಲ್ಲ. ಆಯಿ 'ಜಮಾಲಪುರ' ಅನ್ನುತ್ತಿದ್ದರು, ಅದೊಂದೇ ಸುಳಿವು. ಅವರ ಜೊತೆ ಇದ್ದವರು ಒಬ್ಬರಾದರೂ ಬದುಕಿದ್ದರೆ ಅಪ್ಪನನ್ನು ಅವರ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಹವಾಲ್ದಾರ, ಗೋಕಾಕ:

ತಮ್ಮಾ, ಮೊದಲು ಆ ಟ್ರಂಕು ತೆಗೆದು ನೋಡು. ಮುಚ್ಚಳದ ಮೇಲೆ ಅಥವಾ ಮುಂದಿನ ಬದಿಗೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆದಿರಬೇಕು. ತುಕ್ಕು ಹಿಡಿದಿದ್ದರೆ ತಿಕ್ಕಬೇಡ, ಒದ್ದೆ ಬಟ್ಟೆಯಿಂದ ನಿಧಾನ ಒರೆಸಿ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡು. ಸಿಗದಿದ್ದರೆ ಪದಕ ಇದೆಯಾ ಹುಡುಕು. ಸಂಗ್ರಾಮ್ ಮೆಡಲ್ ಇದ್ದರೆ ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಂಬರು, ಹೆಸರು ಕೆತ್ತಿರುತ್ತಾರೆ. ಆಯಿಯ ಪಿಂಚಣಿ ಕಾಗದದಲ್ಲೂ ಇರುತ್ತದೆ. ನಂಬರು ಒಂದು ಕೈಗೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಬೆಳಗಾವಿಯಲ್ಲೇ ನಮ್ಮ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸ್ ಇದೆ, ಸಂಬಂಧದ ದಾಖಲೆ ಜೋಡಿಸಿ ಅಪ್ಪನ ಹೆಸರಿನಲ್ಲೇ ಅರ್ಜಿ ಬರೆಸು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಒಂದು ಪ್ರತಿ ಕೊಡು.

ಇನ್ನು ಜಮಾಲಪುರ. ನಾನು ಭರ್ತಿ ಆಗಿದ್ದು ಯುದ್ಧ ಮುಗಿದ ಎಷ್ಟೋ ವರ್ಷಕ್ಕೆ. ಆದರೆ ನಮಗೆ ತರಬೇತಿ ಕೊಟ್ಟ ಉಸ್ತಾದರು ಅಲ್ಲಿದ್ದವರು, ಅವರ ಬಾಯಿಂದ ಕೇಳಿದ್ದೇನೆ. ಅಲ್ಲಿ ಹೋರಾಡಿದ್ದು 1 ಮರಾಠಾ, ಅಂದರೆ ನಮ್ಮ ರೆಜಿಮೆಂಟಿನ ಒಂದನೇ ಬೆಟಾಲಿಯನ್, ಜಂಗಿ ಪಲ್ಟನ್ ಅಂತಾರಲ್ಲ, ಅದು. ಊರಿನೊಳಗೆ ಪಾಕಿಸ್ತಾನದ 31 ಬಲೂಚ್ ಪಲ್ಟನ್ ಗಟ್ಟಿಯಾಗಿ ಕೂತಿತ್ತು. ನಮ್ಮ ಬ್ರಿಗೇಡಿಯರ್ ಶರಣಾಗಿ ಅಂತ ಒಬ್ಬ ವಯಸ್ಸಾದವರ ಕೈಯಲ್ಲಿ ಚೀಟಿ ಕಳಿಸಿದರೆ, ಅವರ ಕರ್ನಲ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ವಾಪಸ್ ಕಳಿಸಿದ. ನಮ್ಮವರು ಊರಿನ ದಕ್ಷಿಣಕ್ಕೆ, ಟಾಂಗೈಲ್ ಕಡೆ ಹೋಗುವ ರಸ್ತೆಗೆ ಅಡ್ಡಲಾಗಿ ಕೂತರು. ಡಿಸೆಂಬರ್ 10ರ ರಾತ್ರಿ ಬಲೂಚಿನವರು ಕತ್ತಲಲ್ಲಿ ತಪ್ಪಿಸಿಕೊಂಡು ಢಾಕಾ ಕಡೆ ಹೋಗೋಣ ಅಂತ ಬಂದು ಸೀದಾ ಮರಾಠಾದವರ ಎದುರಿಗೇ ಬಿದ್ದರು. ರಾತ್ರಿಯಿಡೀ ನಡೆಯಿತು. ಬೆಳಕು ಹರಿದಾಗ ಅವರ ಕಡೆಯವರೇ 200ಕ್ಕೂ ಜಾಸ್ತಿ ಬಿದ್ದಿದ್ದರು. ನಮ್ಮವರೂ ಹೋದರು. ಆ ಕಾಲದಲ್ಲಿ ಯುದ್ಧದಲ್ಲಿ ಹೋದವರಿಗೆ ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿ ಸಂಸ್ಕಾರ ಮಾಡುತ್ತಿದ್ದರು. ದೇಹ ಊರಿಗೆ ಕಳಿಸುವುದು ಎಲ್ಲರ ಕಣ್ಣಿಗೆ ಬಿದ್ದದ್ದು ಕಾರ್ಗಿಲ್ ಹೊತ್ತಿಗೆ, 1999ರಲ್ಲಿ. ಆದ್ದರಿಂದ ದೇಹ ಬರಲಿಲ್ಲ ಅಂದರೆ ಯಾರೂ ನೋಡಲಿಲ್ಲ ಅಂತಲ್ಲಪ್ಪ. ಅಗ್ನಿ ಕೊಟ್ಟವರು ಅವರ ಸೆಕ್ಷನ್ನಿನವರೇ ಇದ್ದಿರಬೇಕು. ಇದನ್ನು ಅಪ್ಪನಿಗೆ ಹೇಳು.

ನಿನ್ನ ದೊಡ್ಡಪ್ಪ ಅದೇ ಪಲ್ಟನ್ನಿನಲ್ಲಿದ್ದರೋ ಇಲ್ಲವೋ ಅನ್ನುವುದು ನಂಬರು ಸಿಕ್ಕ ಮೇಲೆ ಖಾತ್ರಿ ಮಾಡಿಕೊಳ್ಳೋಣ. ಈಗಲೇ ಅಪ್ಪನ ಮುಂದೆ ಹೌದು ಅನ್ನಬೇಡ.

ಕೊಡಗಿನಕ್ಕ:

ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಇನ್ನೊಂದು ಹೇಳುತ್ತೇನೆ, ತಡ ಆಯಿತು ಅಂತ ಕೈಬಿಡಬೇಡಿ. ನಮ್ಮ ಕೊಡಗಿನ ವಾಯುಪಡೆ ಪೈಲಟ್, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ಮನೆಯವರಿಗೂ ಗೊತ್ತಿಲ್ಲ, ಸ್ಕ್ವಾಡ್ರನ್ನಿಗೂ ಗೊತ್ತಿಲ್ಲ. 1979ರಲ್ಲಿ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕ ಬಂದ ಮೇಲೆ ವಿಷಯ ಬೆಳಕಿಗೆ ಬಂತು. ಅವರದು ಹಳೇ ಮಿಸ್ಟೇರ್ ವಿಮಾನ, ಎದುರಿಗೆ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್, ಏಟು ಬಿದ್ದ ಮೇಲೂ ತಿರುಗಿ ನಿಂತು ಅದನ್ನು ಕೆಡವಿದ್ದರು. ಆಮೇಲೆ ಅಂದಿನ ದಾಳಿಯ ನಾಯಕರಾಗಿದ್ದ ಒ.ಪಿ. ತನೇಜಾ ಅವರೇ ಇದರ ಬೆನ್ನು ಹತ್ತಿದರು. 1988ರಲ್ಲಿ ಮಹಾವೀರ ಚಕ್ರ ಬಂತು, 23 ವರ್ಷದ ನಂತರ. ಜೊತೆಗಿದ್ದವರು ಸುಮ್ನೆ ಕೂತಿದ್ದರೆ ಅದು ಆಗುತ್ತಿರಲಿಲ್ಲ. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೂ ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗಿ. 2019ರಲ್ಲಿ ಶುರುವಾಗಿದ್ದು. ತ್ಯಾಗ ಚಕ್ರ ಅಂತ ಇದೆ, ಅಲ್ಲಿ ಗ್ರಾನೈಟ್ ಕಲ್ಲಿನಲ್ಲಿ 25,000ಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ದಿನಾ ಸಂಜೆ ಒಬ್ಬ ಹುತಾತ್ಮರ ಮನೆಯವರಿಂದ ಹೂಚಕ್ರ ಇಡಿಸುತ್ತಾರೆ. ಅದಕ್ಕೆ ಮೊದಲೇ ಕೇಳಿಕೊಳ್ಳಬೇಕು, ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಧಾರವಾಡದ ಅವ್ವ:

ನಾನು ಯೋಧನ ಹೆಂಡತಿ. ನಮ್ಮವರು ಹೋಗಿ ಇಪ್ಪತ್ತು ವರ್ಷ ದಾಟಿತು. ಕಲ್ಲಿನ ಮೇಲೆ ಹೆಸರು ಇರಬೇಕು ನಿಜ, ಅದನ್ನು ಮುಟ್ಟಿ ಬಂದಿದ್ದೇನೆ. ಆದರೆ ನನಗೆ ಅವರು ಸಿಕ್ಕಿದ್ದು ಅವರ ಗೆಳೆಯರ ಮಾತಿನಲ್ಲಿ. ಪ್ರತಿ ವರ್ಷ ಅವರ ಪುಣ್ಯತಿಥಿಗೆ ಅವರ ಕಂಪನಿಯವರು ಬರುತ್ತಾರೆ, ನಾನು ಯಾರಿಗೂ ಹೇಳಿ ಕಳಿಸುವುದಿಲ್ಲ, ತಾವೇ ಬರುತ್ತಾರೆ. ಅಂಗಳದಲ್ಲಿ ಕೂತು ಮಾತಾಡುತ್ತಾರೆ. ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡುಗೆಮನೆಯಲ್ಲಿ, ಪೂರಿ ಮಾಡಿದ ದಿನ ಇವರು ನಮ್ಮೂರ ಖಾರಬ್ಯಾಳಿ ನೆನೆಸಿಕೊಂಡು ಮುಖ ಊದಿಸಿಕೊಳ್ಳುತ್ತಿದ್ದರಂತೆ. ಮಗಳು ಹುಟ್ಟಿದ ಸುದ್ದಿ ಬಂದ ರಾತ್ರಿ ಮಲಗಿದವರನ್ನೆಲ್ಲ ಎಬ್ಬಿಸಿ, ಕಾವಲಿಗೆ ನಿಂತವನಿಗೂ ಬೆಲ್ಲ ಕೊಟ್ಟರಂತೆ. ಇಂಥದ್ದು ಯಾವ ರೆಕಾರ್ಡಿನಲ್ಲೂ ಇರಲ್ಲ. ಮಗಳು ಅಪ್ಪನನ್ನು ನೋಡಿದ್ದೇ ಇಲ್ಲ, ಆದರೆ ಈ ಕಾಕಾಗಳ ಬಾಯಲ್ಲಿ ಕೇಳಿ ಕೇಳಿ ಬೆಳೆದಳು.

ಅದಕ್ಕೆ ಹೇಳುತ್ತೇನೆ, ಯಾರಾದರೂ ಸಿಕ್ಕರೆ ಬರೀ ಯುದ್ಧ ಕೇಳಬೇಡ ಮಗಾ. ಏನು ಹಾಡುತ್ತಿದ್ದರು, ಸುಟ್ಟಿ ಸಿಕ್ಕಿದಾಗ ಊರ ಬಗ್ಗೆ ಏನು ಹೇಳುತ್ತಿದ್ದರು, ಯಾರ ಜೊತೆ ಜಗಳ ಆಡುತ್ತಿದ್ದರು, ಅದನ್ನು ಕೇಳು. ಕೊನೆಯ ಗಳಿಗೆ ಬಗ್ಗೆ ಅವರೇ ಹೇಳುವ ತನಕ ಕಾಯಿ. ನೋಡಿದವರಿಗೆ ಅದು ಇಂದಿಗೂ ಭಾರ. ಮತ್ತೆ ಅವರಿಗೂ ಏನಾದರೂ ಕೊಡು. ಕುಸ್ತಿ, ಹೊಳೆ, ಜಾತ್ರೆ ಅಂತ ಬರೆದೆಯಲ್ಲ, ಅದು ಅವರಿಗೆ ಗೊತ್ತಿಲ್ಲದ ಭಾಗ.

ಹುಕ್ಕೇರಿ ಹುಡುಗ:

ಎಲ್ಲರಿಗೂ ಕೈಮುಗಿಯುತ್ತೇನೆ. ಟ್ರಂಕು ನೋಡಿದೆ. ಧಾನ್ಯ ತುಂಬಿಡುವುದಕ್ಕೆ ಬಳಸುತ್ತಿದ್ದೆವು, ಆಮೇಲೆ ಯಾರೋ ಮೇಲೆ ಹಸಿರು ಬಣ್ಣ ಬಳಿದಿದ್ದಾರೆ. ಆದರೆ ಮುಚ್ಚಳದ ಒಳಗಡೆ ನಂಬರು ಇದೆ, ಕೊನೆಯ ಎರಡು ಅಂಕಿ ಮಾತ್ರ ಅನುಮಾನ. ಅಪ್ಪ ಅರ್ಜಿಗೆ ಸಹಿ ಹಾಕಿದ್ದಾರೆ. ಸಂಸ್ಕಾರದ ಮಾತು ಓದಿ ಹೇಳಿದೆ. ಎರಡು ಸಲ ಓದಿಸಿದರು.

ನಿವೃತ್ತ ಹವಾಲ್ದಾರ, ಗೋಕಾಕ:

ಒಳ್ಳೆಯದಾಯಿತು. ಅನುಮಾನ ಇದ್ದ ಅಂಕಿಗಳನ್ನು ಅರ್ಜಿಯಲ್ಲಿ ಹಾಗೇ ಬರೆ, ಊರು, ತಂದೆ ಹೆಸರು, ಭರ್ತಿಯಾದ ವರ್ಷ ಹಾಕಿದರೆ ಅವರು ತಾಳೆ ನೋಡುತ್ತಾರೆ. ದೊಡ್ಡಪ್ಪನ ಫೋಟೋ ಇದ್ದರೆ ಒಂದು ಪ್ರತಿ ನನಗೆ ಖಾಸಗಿಯಾಗಿ ಕಳಿಸು. ನಮ್ಮ ಮಾಜಿ ಸೈನಿಕರ ಸಭೆಯಲ್ಲಿ ತೋರಿಸುತ್ತೇನೆ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಿರಿಯರು ಕೆಲವರು ಬರುತ್ತಾರೆ, ಅವರಿಗೆಲ್ಲ ಈಗ ಎಂಬತ್ತರ ಹತ್ತಿರ, ತಡ ಮಾಡುವ ಹಾಗಿಲ್ಲ. ಇಬ್ಬರು ಬರೀ ಮರಾಠಿ ಮಾತಾಡುವವರು, ಅಪ್ಪನಿಗೆ ಮರಾಠಿ ಬರುತ್ತದಾ ಹೇಳು. ಇಲ್ಲದಿದ್ದರೆ ನಾನೇ ಜೊತೆಗೆ ಬರುತ್ತೇನೆ.