ಟೈಲ್‌ಗಾಗಿ ಮಣ್ಣಿನ ಹಾಳೆಯನ್ನು ಸಮದಪ್ಪವಾಗಿ ಲಟ್ಟಿಸುವುದು ಹೇಗೆ?

ಪ್ರಶ್ನೆ:
ಕೈಯಿಂದ ಟೈಲ್ ಮಾಡುವುದನ್ನು ಕಲಿಯುತ್ತಿದ್ದೇನೆ. ಎಷ್ಟೇ ಎಚ್ಚರದಿಂದ ಲಟ್ಟಿಸಿದರೂ ಮಣ್ಣಿನ ಹಾಳೆಯ ನಡುಭಾಗ ದಪ್ಪವಾಗಿಯೇ ಉಳಿದು ಅಂಚುಗಳು ತೆಳ್ಳಗಾಗುತ್ತವೆ. ಚೌಕವಾಗಿ ಕತ್ತರಿಸಿಟ್ಟರೆ ಒಣಗುವಾಗ ಮೂಲೆಗಳು ಮೇಲೇಳುತ್ತವೆ. ಕಳೆದ ಬಾರಿ ಸುಟ್ಟ 12 ಟೈಲ್‌ಗಳಲ್ಲಿ ಸಮತಟ್ಟಾಗಿ ಉಳಿದವು 4 ಮಾತ್ರ. ಮೂಲೆ ಏಳುವುದಕ್ಕೂ ದಪ್ಪದ ವ್ಯತ್ಯಾಸವೇ ಕಾರಣವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ದಪ್ಪದ ಅಳತೆಯನ್ನು ಕೈಯ ಅಂದಾಜಿಗೆ ಬಿಡಬೇಡಿ. ಒಂದೇ ದಪ್ಪದ, ಉದಾಹರಣೆಗೆ 8 ಮಿಲಿಮೀಟರಿನ, ಎರಡು ನೇರವಾದ ಮರದ ಪಟ್ಟಿಗಳನ್ನು ಮಣ್ಣಿನ ಎರಡೂ ಬದಿಗೆ ಇಡಿ. ಲಟ್ಟಣಿಗೆಯ ಎರಡು ತುದಿಗಳೂ ಪಟ್ಟಿಗಳ ಮೇಲೆ ಕೂರುವಷ್ಟು ಉದ್ದವಿರಲಿ. ಅದು ಪಟ್ಟಿಗಳನ್ನು ಮುಟ್ಟಿದ ಮೇಲೆ ಮಣ್ಣು ಇನ್ನಷ್ಟು ತೆಳ್ಳಗಾಗುವುದಿಲ್ಲ. ಆದರೆ ದೊಡ್ಡ ಮುದ್ದೆಯನ್ನು ನೇರವಾಗಿ ಲಟ್ಟಿಸಹೊರಟರೆ ಶ್ರಮವೂ ಹೆಚ್ಚು, ಲಟ್ಟಣಿಗೆ ಬಾಗುವ ಸಂಭವವೂ ಹೆಚ್ಚು. ಮೊದಲು ಅಂಗೈಯಿಂದ ತಟ್ಟಿ, ಬೇಕಾದ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚಿರುವಂತೆ ಹರಡಿಕೊಳ್ಳಿ. ಅನಂತರ ನಡುವಿನಿಂದ ಹೊರಕ್ಕೆ ಲಟ್ಟಿಸಿ, ಅಂಚಿಗೆ ತಲುಪುವ ಮುನ್ನವೇ ನಿಲ್ಲಿಸಿ. ಅಂಚಿನಾಚೆಗೆ ಲಟ್ಟಣಿಗೆ ಜಾರಿ ಇಳಿಯುವುದರಿಂದಲೇ ಅಲ್ಲಿ ಮಣ್ಣು ತೆಳ್ಳಗಾಗುವುದು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಮೂಲೆ ಏಳುವುದಕ್ಕೆ ದಪ್ಪವೊಂದೇ ಕಾರಣವಲ್ಲ. ಜೇಡಿಮಣ್ಣಿನ ಕಣಗಳು ಚಪ್ಪಟೆಯಾಗಿದ್ದು, ಒತ್ತಡ ಬಿದ್ದ ದಿಕ್ಕಿಗೆ ತಕ್ಕಂತೆ ಸಾಲುಗೂಡುತ್ತವೆ. ಆದ್ದರಿಂದ ಒಂದೇ ದಿಕ್ಕಿಗೆ ಲಟ್ಟಿಸಿದ ಹಾಳೆ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಕೆಲವು ಸಲ ಲಟ್ಟಿಸಿದ ಮೇಲೆ ಹಾಳೆಯನ್ನು ಕಾಲು ಸುತ್ತು ತಿರುಗಿಸಿ, ಮಗುಚಿ, ಮತ್ತೆ ಲಟ್ಟಿಸಬೇಕು. ಅಡಿಯಲ್ಲಿ ಕ್ಯಾನ್ವಾಸ್ ಬಟ್ಟೆ ಇದ್ದರೆ ಮಣ್ಣು ಮೇಜಿಗೆ ಕಚ್ಚಿಕೊಳ್ಳದೆ ಹರಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಹಾಳೆಯನ್ನು ಅಂಚು ಹಿಡಿದು ಎತ್ತಿದರೆ ಶ್ರಮವೆಲ್ಲ ವ್ಯರ್ಥವಾದಂತೆ, ಏಕೆಂದರೆ ಒಮ್ಮೆ ಬಾಗಿದ ಮಣ್ಣನ್ನು ಚಪ್ಪಟೆ ಮಾಡಿದರೂ ಆ ಬಾಗು ಒಣಗುವಾಗಲೋ ಆವಿಗೆಯಲ್ಲೋ ಮರಳಿ ಕಾಣಿಸಿಕೊಳ್ಳುತ್ತದೆ. ನನ್ನ ಅನುಭವದಲ್ಲಿ ಹೊಸಬರ ಟೈಲ್‌ಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎರಡು ಹಲಗೆಗಳ ನಡುವೆ ಹಾಳೆಯನ್ನಿಟ್ಟು ಒಟ್ಟಾಗಿ ಮಗುಚುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನು ಒಣಗಿಸುವ ವಿಚಾರ. ಮೇಲ್ಮೈ ಬೇಗ ಒಣಗಿ ಅಡಿಭಾಗ ಹಸಿಯಾಗಿಯೇ ಉಳಿದರೆ, ಮೇಲ್ಭಾಗ ಮೊದಲು ಕುಗ್ಗಿ ಮೂಲೆಗಳನ್ನು ಎಳೆದೆತ್ತುತ್ತದೆ. ನೀರು ಹೀರುವ ಎರಡು ಜಿಪ್ಸಮ್ ಹಲಗೆಗಳ ನಡುವೆ ಟೈಲ್‌ಗಳನ್ನಿಟ್ಟು ನಿಧಾನವಾಗಿ ಒಣಗಲು ಬಿಡಿ. ಸುಟ್ಟ ಮಣ್ಣಿನ ಪುಡಿ ಬೆರೆತ ಮಣ್ಣು ಕಡಿಮೆ ಕುಗ್ಗುವುದರಿಂದ ಬಾಗುವ ಭಯವೂ ಕಡಿಮೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಾನು ಹಾಳೆಯನ್ನು ಅಂಚು ಹಿಡಿದೇ ಎತ್ತುತ್ತಿದ್ದೆ. ಸುಟ್ಟ ಮೇಲೆ 150 ಮಿಲಿಮೀಟರ್ ಅಗಲ ಉಳಿಯಬೇಕಾದರೆ ಹಸಿಯಲ್ಲಿ ಎಷ್ಟಕ್ಕೆ ಕತ್ತರಿಸಬೇಕು?

ಉತ್ತರ 1:
ಅದು ನಿಮ್ಮ ಮಣ್ಣನ್ನೂ ಸುಡುವ ಶಾಖವನ್ನೂ ಅವಲಂಬಿಸಿದೆ. ಹಸಿಮಣ್ಣಿನ ಪಟ್ಟಿಯೊಂದರ ಮೇಲೆ 100 ಮಿಲಿಮೀಟರಿನ ಗೆರೆ ಎಳೆದು, ಟೈಲ್‌ಗಳನ್ನು ಸುಡುವಷ್ಟೇ ಶಾಖದಲ್ಲಿ ಸುಟ್ಟು ಅಳೆಯಿರಿ. ಗೆರೆ 90ಕ್ಕೆ ಇಳಿದಿದ್ದರೆ 150ನ್ನು 0.9ರಿಂದ ಭಾಗಿಸಿ, ಸುಮಾರು 167 ಮಿಲಿಮೀಟರಿಗೆ ಕತ್ತರಿಸಿ. ಲಟ್ಟಿಸಿದ ಕೂಡಲೇ ಕತ್ತರಿಸಬೇಡಿ. ಹಾಳೆ ಬೆರಳಿಗೆ ಅಂಟದಷ್ಟು ಬಿಗಿಯಾದ ಮೇಲೆ ಕತ್ತರಿಸಿದರೆ ಚೌಕದ ಆಕಾರ ಕೆಡುವುದಿಲ್ಲ.