ಎರಡು ಬ್ಯಾಗ್ ರಕ್ತ ಹೋದ ಮೇಲೂ ಎಚ್‌ಬಿ (ಹಿಮೋಗ್ಲೋಬಿನ್) 6.2ರಿಂದ 7.0 ಮಾತ್ರ: ಮೂರನೆಯದು ಬೇಕೇ?

ವಾರ್ಡ್‌ಡ್ಯೂಟಿ:
41 ವರ್ಷದ ಮಹಿಳೆ, ತೂಕ 48 ಕೆ.ಜಿ. ಮುಟ್ಟಿನ ಅತಿಸ್ರಾವದಿಂದ ರಕ್ತಹೀನತೆ. ನಿನ್ನೆ 350 ಎಂ.ಎಲ್. ಸಂಗ್ರಹದ (ದಾನಿಯಿಂದ ಅಷ್ಟು ರಕ್ತ ತೆಗೆದ) ಎರಡು ಬ್ಯಾಗ್ ಪ್ಯಾಕ್ಡ್ ಸೆಲ್ (ಬೇರ್ಪಡಿಸಿದ ಕೆಂಪು ರಕ್ತಕಣ) ಒಂದರ ಹಿಂದೊಂದು ಹೋಗಿವೆ. ಚಳಿ, ಜ್ವರ ಏನೂ ಇಲ್ಲ. ಇವತ್ತು ಬೆಳಿಗ್ಗೆ ಎಚ್‌ಬಿ 7.0, ಪ್ಲೇಟ್‌ಲೆಟ್ 3.2 ಲಕ್ಷದಿಂದ 2.7ಕ್ಕೆ ಇಳಿದಿದೆ. ಬ್ಯಾಗಿಗೆ 1 ಗ್ರಾಂ (ಡೆಸಿಲೀಟರ್‌ಗೆ) ಏರಬೇಕಲ್ಲವೇ? 24 ಗಂಟೆ ಕಾಯದೆ ಸ್ಯಾಂಪಲ್ ಕಳಿಸಿದ್ದು ತಪ್ಪಾಯಿತೇ?

ರಕ್ತನಿಧಿ:
ಸಮಯದ ತಪ್ಪಲ್ಲ. ರಕ್ತಸ್ರಾವ ನಿಂತಿರುವ ರೋಗಿಯಲ್ಲಿ ಬ್ಯಾಗ್ ಮುಗಿದ 15 ನಿಮಿಷದ ಎಚ್‌ಬಿಗೂ 24 ಗಂಟೆಯ ಎಚ್‌ಬಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಮೊದಲ ಬ್ಯಾಗ್ ಆದ ಕೂಡಲೇ ಒಮ್ಮೆ ನೋಡಿ ಎರಡನೆಯದನ್ನು ನಿರ್ಧರಿಸುವುದೇ ಸರಿಯಾದ ಕ್ರಮ.

"ಬ್ಯಾಗಿಗೆ 1 ಗ್ರಾಂ" ಎನ್ನುವುದು 70 ಕೆ.ಜಿ. ಗಂಡಸು, 450 ಎಂ.ಎಲ್. ಸಂಗ್ರಹದ ಲೆಕ್ಕ. ನಿಮ್ಮ ರೋಗಿಗೆ ಬೇರೆಯೇ ಹಾಕಬೇಕು. ದಾನಿಯ ಎಚ್‌ಬಿ ಕನಿಷ್ಠ 12.5 ಇರಬೇಕು, 350 ಎಂ.ಎಲ್.ನಲ್ಲಿ ಸುಮಾರು 44 ಗ್ರಾಂ, ಬೇರ್ಪಡಿಸುವಾಗಿನ ನಷ್ಟ ಕಳೆದು 40 ಎನ್ನಿ. ರೋಗಿಯ ರಕ್ತದ ಪ್ರಮಾಣ 48 × 65 (ಕೆ.ಜಿ.ಗೆ 65 ಎಂ.ಎಲ್.), ಅಂದರೆ ಸುಮಾರು 31 ಡೆಸಿಲೀಟರ್. 80 ಗ್ರಾಂ ಸೇರಿದರೆ ಏರಿಕೆ 2.6; ಎಚ್‌ಬಿ 8.8 ಆಗಬೇಕು. ಕೊಟ್ಟ ದ್ರವ ಇನ್ನೂ ಮೂತ್ರದಲ್ಲಿ ಹೋಗದಿದ್ದರೂ 7.7ಕ್ಕಿಂತ ಕೆಳಗೆ ಬರಬಾರದು. 7.0ಗೆ ಕಾರಣ ಹುಡುಕಲೇಬೇಕು. ಅದು ಸಿಗುವ ತನಕ ಮೂರನೇ ಬ್ಯಾಗ್ ಬೇಡ, ಎದೆನೋವು, ಏದುಸಿರು ಅಥವಾ ಜೋರು ಸ್ರಾವ ಇದ್ದರೆ ಮಾತು ಬೇರೆ.

ಲ್ಯಾಬ್‌ಟೆಕ್:
ಪ್ಲೇಟ್‌ಲೆಟ್ ಕೂಡ ಇಳಿದಿದೆ ನೋಡಿ. ಬಿಳಿ ರಕ್ತಕಣವೂ ಅದೇ ಪ್ರಮಾಣದಲ್ಲಿ ಇಳಿದಿದ್ದರೆ ಸ್ಯಾಂಪಲ್‌ಗೆ ಡ್ರಿಪ್ ನೀರು ಸೇರಿರುವ ಸಾಧ್ಯತೆ ಹೆಚ್ಚು. ಡಿಎನ್‌ಎಸ್ (ಸಕ್ಕರೆ ಬೆರೆತ ಸಲೈನ್) ಹೋಗುತ್ತಿದ್ದರೆ ಅದೇ ಸೂಜಿಯಲ್ಲಿ ತೆಗೆದ ಸ್ಯಾಂಪಲ್‌ನ ಶುಗರ್ ವಿಪರೀತ ಏರಿರುತ್ತದೆ, ಅದನ್ನೂ ನೋಡಿ. ಡ್ರಿಪ್ ಇಲ್ಲದ ಕೈಯಿಂದಲೇ ರಕ್ತ ತೆಗೆಯಿರಿ. ಅದು ಆಗದಿದ್ದರೆ ಡ್ರಿಪ್ ಎರಡು ನಿಮಿಷ ನಿಲ್ಲಿಸಿ, ಸೂಜಿಗಿಂತ ಕೆಳಗೆ, ಅಂಗೈ ಕಡೆಗೆ ಚುಚ್ಚಿ, ಮೊದಲ 5 ಎಂ.ಎಲ್. ಬಿಸಾಡಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬನ್ನು ಗೆರೆಯವರೆಗೆ ತುಂಬಿಸಿ 8–10 ಸಲ ಮೆಲ್ಲಗೆ ಮಗುಚಬೇಕು, ಕುಲುಕಬೇಡಿ. ಮೊದಲಿನದನ್ನು ಯಾವ ಯಂತ್ರದಲ್ಲಿ ನೋಡಿದ್ದರೋ ಅದರಲ್ಲೇ ನೋಡಿಸಿ. ಬೆರಳ ತುದಿಯ ಮೀಟರ್‌ನ ಸಂಖ್ಯೆಯನ್ನು ಲ್ಯಾಬ್ ಸಂಖ್ಯೆಯ ಪಕ್ಕದಲ್ಲಿಟ್ಟು ಏರಿಕೆ ಲೆಕ್ಕ ಹಾಕಬಾರದು.

ವಾರ್ಡ್‌ಡ್ಯೂಟಿ:
ಸ್ಯಾಂಪಲ್ ಡ್ರಿಪ್ ಇದ್ದ ಎಡಗೈಯದೇ. ಬಲಗೈಯಿಂದ ತೆಗೆದದ್ದು 8.1, ಪ್ಲೇಟ್‌ಲೆಟ್ 3.1 ಲಕ್ಷ. ಸ್ರಾವ ಸ್ವಲ್ಪ ಇದೆ, ನಾಡಿ 84, ನಡೆದರೆ ಏದುಸಿರಿಲ್ಲ.

ರಕ್ತನಿಧಿ:
ಹಾಗಿದ್ದರೆ ಇಷ್ಟು ಸಾಕು, ಮೂರನೆಯದು ಬೇಡ. ಸ್ರಾವಕ್ಕೆ ಸ್ತ್ರೀರೋಗ ತಜ್ಞರು, ದೇಹದಲ್ಲಿ ಖಾಲಿಯಾದ ಕಬ್ಬಿಣದ ಸಂಗ್ರಹಕ್ಕೆ ಕಬ್ಬಿಣದ ಔಷಧ. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ರಕ್ತ ಕೊಡುವ ಮೊದಲಿನ ಸ್ಯಾಂಪಲ್‌ನಲ್ಲಿ ಮಾಡಲಾದೀತೇ ಎಂದು ಲ್ಯಾಬಿಗೆ ಕೇಳಿ.

ಡಿಸ್ಚಾರ್ಜ್ ಆದ ಮೇಲೆ ವಾರದ ಹೊತ್ತಿಗೆ ಇನ್ನೊಮ್ಮೆ ಎಚ್‌ಬಿ ಬರೆಯಿರಿ, ಹೆಚ್ಚಿನವರು ಬಿಡುವುದು ಇದನ್ನೇ. ಹಿಂದಿನ ಹೆರಿಗೆಯಲ್ಲೋ ರಕ್ತ ಪಡೆದಾಗಲೋ ಹುಟ್ಟಿದ ಪ್ರತಿಕಾಯ, ಮುಖ್ಯವಾಗಿ ಕಿಡ್ (ಎಬಿಒದಂತೆ ಇನ್ನೊಂದು ರಕ್ತಗುಂಪು ವ್ಯವಸ್ಥೆ) ಗುಂಪಿನದು, ಕಾಲ ಕಳೆದಂತೆ ಪರೀಕ್ಷೆಗೆ ಸಿಗದಷ್ಟು ತಗ್ಗಿಬಿಡುತ್ತದೆ. ಕ್ರಾಸ್‌ಮ್ಯಾಚ್ (ದಾನಿ-ರೋಗಿ ರಕ್ತ ಹೊಂದಾಣಿಕೆಯ ಪರೀಕ್ಷೆ) ಹೊಂದುತ್ತದೆ, ರಕ್ತವೂ ಸಲೀಸಾಗಿ ಹೋಗುತ್ತದೆ. 3ರಿಂದ 14 ದಿನದೊಳಗೆ ಪ್ರತಿಕಾಯ ಮತ್ತೆ ಏರಿ ಕೊಟ್ಟ ಕಣಗಳನ್ನು ಒಡೆಯುತ್ತದೆ. ಕಣ್ಣು ಹಳದಿ, ಮೂತ್ರ ಕಪ್ಪು, ಜ್ವರ, ಅಥವಾ ಸ್ರಾವವಿಲ್ಲದೆ ಎಚ್‌ಬಿ ಹಳೆಯ ಮಟ್ಟಕ್ಕೆ ಇಳಿದರೆ ಅದನ್ನು ಕಬ್ಬಿಣದ ಕೊರತೆ ಎಂದುಕೊಂಡು ಮತ್ತೆ ರಕ್ತ ಕೊಡಬೇಡಿ. ಹೊಸ ಇಡಿಟಿಎ ಸ್ಯಾಂಪಲ್ ಕಳಿಸಿ ಡೈರೆಕ್ಟ್ ಕೂಂಬ್ಸ್ (ಕೆಂಪು ಕಣಕ್ಕೆ ಅಂಟಿದ ಪ್ರತಿಕಾಯ ನೋಡುವುದು) ಮತ್ತು ಆಂಟಿಬಾಡಿ ಸ್ಕ್ರೀನ್ (ಪ್ಲಾಸ್ಮಾದಲ್ಲಿನ ಪ್ರತಿಕಾಯ ಹುಡುಕುವುದು) ಕೇಳಿ, ಜೊತೆಗೆ ಕಣ ಒಡೆದಿದೆಯೇ ತಿಳಿಯಲು ಇನ್‌ಡೈರೆಕ್ಟ್ ಬಿಲಿರುಬಿನ್, ಎಲ್‌ಡಿಎಚ್, ಮೂತ್ರಪಿಂಡ ನೋಡಲು ಕ್ರಿಯಾಟಿನಿನ್. ಕೊಟ್ಟ ಎರಡೂ ಬ್ಯಾಗ್‌ಗಳ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಿರಿ.