ಕತೆ ಕೇಳಿ ಸಂಶೋಧನೆ ಮಾಡಿರೋರು ಇದೀರಾ? ಅನುಭವ ಹೇಳಿ

ಪ್ರಶ್ನೆ, ತುಮಕೂರಿಂದ:

ಎಲ್ರಿಗೂ ನಮಸ್ಕಾರ. ಹಿರಿಯ ಪ್ರಾಥಮಿಕ ಶಾಲೆ ಟೀಚರ್ ನಾನು, ಜೊತೆಗೆ ಎಂ.ಎಡ್. ಮಾಡ್ತಿದೀನಿ. ಮಕ್ಕಳು ಯಾಕೆ ಪದೇಪದೇ ಸ್ಕೂಲ್ ತಪ್ಪಿಸ್ತಾರೆ ಅಂತ ನಮ್ಮ ಕ್ಲಸ್ಟರ್‌ನ ಮೂರು ಶಾಲೆ ಟೀಚರ್ಸು, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಎಸ್‌ಡಿಎಂಸೀಲಿ (ಶಾಲಾಭಿವೃದ್ಧಿ ಸಮಿತೀಲಿ) ಇರೋ ಒಂದಿಬ್ರು ತಾಯಂದ್ರು ಸೇರ್ಕೊಂಡು ಸ್ಟಡಿ ಮಾಡೋಣ ಅಂತಿದೀವಿ. ಪ್ರಶ್ನಾವಳಿ ಕೊಟ್ರೆ ಎಲ್ರೂ ಒಂದೇ ಥರ ಟಿಕ್ ಹಾಕಿ ಕೊಡ್ತಾರೆ, ಅದಕ್ಕೆ ಅವರವರ ಕತೆ ಹೇಳಿಸೋಣ ಅನ್ನೋ ಯೋಚನೆ. ನಮ್ಮ ಗೈಡು "ಕತೆ ಹೆಂಗಮ್ಮಾ ಡೇಟಾ ಆಗುತ್ತೆ" ಅಂತಾರೆ. ಮಾಡಿರೋರು ದಯವಿಟ್ಟು ಹೇಳಿ, ಹೆಂಗೆ ಶುರು ಮಾಡಿದ್ರಿ, ಎಲ್ಲಿ ಎಡವಿದ್ರಿ?

ಶಿಡ್ಲಘಟ್ಟ ತಾಲ್ಲೂಕಿಂದ:

ಮೇಡಂ, ನಿಮ್ಮ ಪ್ರಶ್ನೆನೇ ನಮ್ದೂ ಆಗಿತ್ತು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನಾವು ಐದು ಜನ ಟೀಚರ್ಸು ಹಾಜರಿ ಪುಸ್ತಕ ಮುಂದಿಟ್ಕೊಂಡು ಕೂತಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಪೋಷಕರಿಗೆ ಆಸಕ್ತಿ ಇಲ್ಲ. ಸರಿ, ತಾಯಂದಿರನ್ನ ಸ್ಕೂಲಿಗೆ ಕರೆಸಿದ್ವಿ, ಕುರ್ಚಿ ಹಾಕಿದ್ವಿ, ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಆನ್ ಮಾಡಿ "ನಿಮ್ಮ ಕತೆ ಹೇಳಿ" ಅಂದ್ವಿ. ಅರ್ಧ ಜನ ಬಾಯೇ ಬಿಡ್ಲಿಲ್ಲ, ಉಳಿದೋರು "ಇನ್ಮೇಲೆ ತಪ್ಪದೆ ಕಳಿಸ್ತೀವಿ ಮಿಸ್" ಅಂತ ತಲೆ ತಗ್ಗಿಸ್ಕೊಂಡು ಹೇಳಿದ್ರು. ತಪ್ಪು ಒಪ್ಕೊಳೋಕೆ ಕರೆಸಿದೀವಿ ಅಂತ ಅವರು ತಿಳ್ಕೊಂಡಿದ್ರು. ಆ ದಿನದ ರೆಕಾರ್ಡಿಂಗ್ ಒಂದೂ ಉಪಯೋಗಕ್ಕೆ ಬರ್ಲಿಲ್ಲ.

ಎರಡನೇ ಸಲ ನಾವೇ ಅವರ ಹುಳು ಮನೆಗೆ, ಅಂದ್ರೆ ರೇಷ್ಮೆ ಹುಳ ಸಾಕೋ ಮನೆಗೆ ಹೋದ್ವಿ. ಹೋದ ತಕ್ಷಣ ರೆಕಾರ್ಡರ್ ತೆಗೀಲಿಲ್ಲ, ಮೊದಲು ಅವರ ಜೊತೆ ಹುಳಕ್ಕೆ ಸೊಪ್ಪು ಹಾಕ್ತಾ ಮಾತಾಡಿದ್ವಿ. ಮೊದಲು ಬಾಯಿ ಬಿಟ್ಟಿದ್ದು ನಮ್ಮ ಟೀಮಿನ ಟೀಚರ್ರೇ, ಚಿಕ್ಕವರಿದ್ದಾಗ ಮನೇಲಿ ನೂಲು ತೆಗೆಯೋ ಕೆಲಸಕ್ಕೆ ಅಂತ ಅವರು ಒಂದು ವರ್ಷ ಸ್ಕೂಲ್ ಬಿಟ್ಟಿದ್ರಂತೆ, ಜೊತೇಲಿ ಕೆಲಸ ಮಾಡೋ ನಮಗೂ ಅದು ಗೊತ್ತಿರ್ಲಿಲ್ಲ. ಅವರು ಹೇಳಿ ಮುಗಿಸಿದ್ಮೇಲೆ ಆ ಮನೆ ಅಕ್ಕ ತಾವಾಗೇ ಶುರು ಮಾಡಿದ್ರು. ನಾವು ಕೇಳೋ ರೀತೀನೂ ಬದಲಾಯಿಸಿದ್ವಿ. ಯಾಕೆ ಕಳಿಸಲ್ಲ ಅಂತ ಕೇಳ್ಲಿಲ್ಲ, "ಮಗ ಸ್ಕೂಲಿಗೆ ಬರದೇ ಇದ್ದ ದಿನ ಬೆಳಗ್ಗೆ ಎದ್ದಾಗಿಂದ ಮನೇಲಿ ಏನೇನಾಯ್ತು" ಅಂತ ಕೇಳಿದ್ವಿ. ಇದೊಂದು ಬದಲಾವಣೆ ಮಾತ್ರ ನೀವು ಖಂಡಿತ ಮಾಡಿ.

ಆಗ ಬಂತು ನೋಡಿ ವಿಷಯ. ರೇಷ್ಮೆ ಬೆಳೆ ಒಂದಕ್ಕೆ ಹೆಚ್ಚುಕಮ್ಮಿ 25 ದಿನದ ಮೇಲೆ ಬೇಕು, ಅದರಲ್ಲಿ ಹುಳ ನಾಲ್ಕನೇ ಜ್ವರ ಎದ್ದ ಮೇಲಿನ (ಜ್ವರ ಅಂದ್ರೆ ಹುಳ ಪೊರೆ ಬಿಡೋ ಹೊತ್ತು) ಏಳೆಂಟು ದಿನ ಇದೆಯಲ್ಲ, ಹುಳ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಗಲೇ ತಿನ್ನೋದು. ಸೊಪ್ಪು ಕೊಯ್ಯೋದು, ಹಾಕೋದು, ಕಸ ತೆಗೆಯೋದು, ಆಮೇಲೆ ಹಣ್ಣಾದ ಹುಳ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋದು, ಮನೆಮಂದಿಯೆಲ್ಲ ನಿಲ್ಲಬೇಕು. ಕತೆ ಕೇಳ್ತಾ ಕೇಳ್ತಾ ತಾರೀಖು ಬರ್ಕೊಂಡು ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿದ್ವಿ, ಆ ಮಕ್ಕಳ ಗೈರುಹಾಜರಿ ಹೆಚ್ಚುಪಾಲು ಆ ವಾರದಲ್ಲೇ. ಇಷ್ಟು ವರ್ಷ ನಮ್ಮ ಕಣ್ಣಿಗೆ ಯಾಕೆ ಬೀಳ್ಲಿಲ್ಲ ಅಂದ್ರೆ ಒಂದೊಂದು ಮನೆಯೋರು ಒಂದೊಂದು ದಿನ ಚಾಕಿ ಹುಳ (ಮರಿ ಹುಳ) ತರ್ತಾರೆ, ಹಂಗಾಗಿ ಇಡೀ ಕ್ಲಾಸಿನ ಹಾಜರಿ ನೋಡಿದ್ರೆ ಯಾವ ಲೆಕ್ಕವೂ ಸಿಗಲ್ಲ, ಯಾರೋ ಯಾವಾಗ್ಲೋ ಬರಲ್ಲ ಅನ್ಸುತ್ತೆ. ನಿಮ್ಮ ಗೈಡ್‌ಗೆ ಇದನ್ನೇ ಹೇಳಿ, ಅಂಕಿ ನಮ್ಮ ಹತ್ರನೇ ಇತ್ತು, ಅದನ್ನ ಹೆಂಗೆ ಓದ್ಬೇಕು ಅಂತ ಹೇಳ್ಕೊಟ್ಟಿದ್ದು ಕತೆ.

ಇನ್ನು ಎಡವಿದ್ದು. ನಾವು ಟೀಚರ್ಸೇ ಕೂತು ವರದಿ ಬರೆದು ಮುಗಿಸಿಬಿಟ್ವಿ, ಆಮೇಲೆ ತೋರಿಸೋಣ ಅಂತ ಒಯ್ದು ಓದಿ ಹೇಳಿದ್ವಿ. ಆ ಅಕ್ಕನ ಮುಖ ಸಣ್ಣದಾಯ್ತು. "ಮಗನ್ನ ಕೆಲಸಕ್ಕೆ ಹಾಕ್ತೀನಿ ಅಂತ ಬರ್ದಿದೀರಲ್ಲ ಮಿಸ್, ಅವನು ಹುಳ ನೋಡೋದು ಕಲೀತಾವ್ನೆ ಅಂತ ತಾನೆ ನಾನು ಹೇಳಿದ್ದು" ಅಂದ್ರು. ರೆಕಾರ್ಡಿಂಗ್ ಮತ್ತೆ ಕೇಳಿದ್ರೆ ಅವರು ಹೇಳಿದ್ದು ಹಂಗೇ ಇತ್ತು. ನಾವು ನಮ್ಮ ಕಿವಿಗೆ ಬೇಕಾದ್ದು ಕೇಳಿಸ್ಕೊಂಡಿದ್ವಿ. ಕೊನೆಗೆ ಎರಡೂ ಬರೆದ್ವಿ, ಅಮ್ಮ ಹೀಗೆ ಅಂತಾರೆ, ವಾರಗಟ್ಟಲೆ ಪಾಠ ತಪ್ಪೋದ್ರಿಂದ ಟೀಚರ್ ಹೀಗೆ ಅಂತಾರೆ, ಇಬ್ರೂ ಇನ್ನೂ ಒಪ್ಪಿಲ್ಲ ಅಂತ. ಈಗ ಮಾಡಿದ್ರೆ ನಾನು ಬರೆಯೋಕೆ ಮುಂಚೆನೇ ತಾಯಂದ್ರ ಜೊತೆ ಕೂತು ಯಾವ ಕತೆಗೆ ಏನರ್ಥ ಅಂತ ಮಾತಾಡ್ತೀನಿ. ಅವರಿಂದ ಬರೀ ಕತೆ ಇಸ್ಕೊಂಡು ಅರ್ಥ ನಾವೇ ಹಚ್ಚಿದ್ರೆ ಸೇರಿ ಮಾಡಿದ್ವಿ ಅಂತ ಹೇಳ್ಕೊಳೋಕೆ ನನಗೆ ಮನಸ್ಸು ಬರಲ್ಲ.

ಹೆಸರು ಬದಲಾಯಿಸಿದ್ರೆ ಸಾಕು ಅನ್ಕೋಬೇಡಿ. "ಊರಾಚೆ ಹೊಸ ಹುಳು ಮನೆ ಕಟ್ಟಿಸಿದೋರು" ಅಂತ ಒಂದು ಸಾಲು ಇತ್ತು, ಆ ಊರಲ್ಲಿ ಓದಿದ ಯಾರಿಗಾದ್ರೂ ಯಾರ ಮನೆ ಅಂತ ಗೊತ್ತಾಗ್ತಿತ್ತು. ತೆಗೆಸಿದ್ವಿ.

ಮುಳಬಾಗಿಲಿಂದ:

ಒಂದು ಮಾತು ಸೇರಿಸ್ತೀನಿ. ನಿಮ್ಮ ಶಾಲೆಗಳು ಪಾವಗಡ ಕಡೆ ಇದ್ರೆ ಇದು ಬೇಕಾಗುತ್ತೆ. ಅಲ್ಲಿ ಥರಾನೇ ನಮ್ಮ ಆಂಧ್ರ ಗಡಿ ಊರುಗಳಲ್ಲೂ ಮನೆ ಮಾತು ತೆಲುಗು, ತಾಯಂದ್ರು ತೆಲುಗಲ್ಲಿ ಹೇಳಿದ್ದನ್ನ ನಾವು ಕೇಳ್ತಾ ಕೇಳ್ತಾನೇ ಕನ್ನಡದಲ್ಲಿ ಬರ್ಕೊಂಡ್ವಿ. ಒಬ್ರು "ಬಡಿ ಎಗ್ಗೊಟ್ನಾಡು" ಅಂದಿದ್ರು, ಇನ್ನೊಬ್ರು "ಬಡಿ ಮಾನೇಸ್ನಾಡು" ಅಂದಿದ್ರು. ತೆಲುಗಲ್ಲಿ ಬಡಿ ಅಂದ್ರೆ ಶಾಲೆ. ಮೊದಲನೇದು ಆವತ್ತು ಚಕ್ಕರ್ ಹಾಕಿದ ಅಂತ, ಎರಡನೇದು ಪೂರ್ತಿ ಬಿಟ್ಟೇಬಿಟ್ಟ ಅಂತ. ನಮ್ಮ ನೋಟ್ಸಲ್ಲಿ ಎರಡೂ "ಶಾಲೆ ಬಿಟ್ಟ" ಆಗಿದ್ವು! ಈಗ ಅವರ ಮಾತು ಹೇಗಿದೆಯೋ ಹಾಗೇ ಕನ್ನಡ ಲಿಪೀಲಿ ಬರ್ದು ಕೆಳಗೆ ಕನ್ನಡ ಅರ್ಥ ಬರೀತೀವಿ. ಟೈಮ್ ಹಿಡಿಯುತ್ತೆ, ಒಂದು ಗಂಟೆ ರೆಕಾರ್ಡಿಂಗಿಗೆ ಇಡೀ ಭಾನುವಾರ ಹೋಗುತ್ತೆ, ಆದ್ರೂ ಬಿಡಬೇಡಿ.

ತುಮಕೂರಿನ ಬಿ.ಎಡ್. ಕಾಲೇಜು ಉಪನ್ಯಾಸಕರು:

ಗೈಡ್ ವಿಚಾರಕ್ಕೆ ಬರ್ತೀನಮ್ಮ. ಇದಕ್ಕೆ ಹೆಸರಿದೆ, ನೆರೇಟಿವ್ ಎಂಕ್ವೈರಿ, ಅಂದ್ರೆ ಜನರ ಕತೆ ಮೂಲಕ ಮಾಡೋ ಸಂಶೋಧನೆ. ಕೆನಡಾದ ಕಾನೆಲಿ ಮತ್ತು ಕ್ಲಾಂಡಿನಿನ್ ಅನ್ನೋರು 1990ರಲ್ಲಿ ಶಿಕ್ಷಣ ಸಂಶೋಧನೆಗೇ ಅಂತ ಇದನ್ನ ವಿವರಿಸಿ ಲೇಖನ ಬರೆದ್ರು. ಅದಕ್ಕೂ ಮುಂಚೆ 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್, ಮನುಷ್ಯ ಜಗತ್ತನ್ನ ಅರ್ಥ ಮಾಡ್ಕೊಳೋದು ಎರಡು ದಾರೀಲಿ, ತರ್ಕದಿಂದ ಒಂದು, ಕಥನದಿಂದ ಇನ್ನೊಂದು, ಒಂದರ ಕೆಲಸ ಇನ್ನೊಂದು ಮಾಡಲ್ಲ ಅಂತ ವಾದ ಮಾಡಿದ್ರು. ಶಿಡ್ಲಘಟ್ಟದ ಮೇಡಂ ವಾಪಸ್ ಒಯ್ದು ಓದಿ ಹೇಳಿದ್ರಲ್ಲ, ಅದು ಮೆಂಬರ್ ಚೆಕಿಂಗ್, ಸಂಶೋಧನಾ ವಿಧಾನದ ಬಗ್ಗೆ ಬರೆದ ಲಿಂಕನ್ ಮತ್ತು ಗೂಬಾ 1985ರಲ್ಲೇ ಇಂಥ ಸಂಶೋಧನೆ ನಂಬೋಹಂಗೆ ಇರಬೇಕಾದ್ರೆ ಅದೇ ಮುಖ್ಯ ಅಂದಿದ್ರು. ನಿಮ್ಮ ಪ್ರಸ್ತಾವದಲ್ಲಿ ಇಷ್ಟು ಬರೀರಿ, ಜೊತೆಗೆ ಹಾಜರಿ ಪುಸ್ತಕ ಇಟ್ಟು ನೋಡ್ತೀವಿ ಅಂತಾನೂ ಸೇರ್ಸಿ. ಕತೆ ಇಷ್ಟೇ ಇರ್ಬೇಕು ಅಂತ ಲೆಕ್ಕ ಇಲ್ಲ, ಎಂಟು ಹತ್ತು ಮನೆಗೆ ಮೂರು ಮೂರು ಸಲ ಹೋಗೋದು ಐವತ್ತು ಮನೆಗೆ ಒಂದೊಂದು ಸಲ ಹೋಗೋದಕ್ಕಿಂತ ಒಳ್ಳೇದು, ಇದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಸರ್ ಹೇಳಿದ್ದು ಬರ್ಕೊಂಡೆ. ಒಂದು ಭಯ ಇದೆ. ಮಗು ಕತೆ ಹೇಳ್ತಾ ಮನೇಲಿ ಹೊಡೀತಾರೆ ಅಂತಾನೋ ಅದಕ್ಕಿಂತ ದೊಡ್ಡದೇನೋ ಹೇಳ್ಬಿಟ್ರೆ ಏನ್ ಮಾಡೋದು?

ಶಿಡ್ಲಘಟ್ಟ ತಾಲ್ಲೂಕಿಂದ:

ಒಳ್ಳೇದಾಯ್ತು ಕೇಳಿದ್ದು, ನಾವು ಇದನ್ನ ಮೊದಲೇ ಯೋಚಿಸಿರ್ಲಿಲ್ಲ. ಒಂದು ಹುಡುಗಿ ಹೇಳೋಕೆ ಶುರು ಮಾಡಿದಾಗ ನಮ್ಮ ಟೀಚರ್ ಏನ್ ಮಾಡ್ಬೇಕು ಗೊತ್ತಾಗದೆ ರೆಕಾರ್ಡಿಂಗ್ ಆಫ್ ಮಾಡಿ ಅವಳ ಪಕ್ಕ ಸುಮ್ನೆ ಕೂತಿದ್ರು, ಮಾಡಿದ್ದು ಸರಿನೇ. "ಯಾರಿಗೂ ಹೇಳಲ್ಲ, ಹೇಳು" ಅಂತ ಮಾತ್ರ ಯಾವ ಮಗೂಗೂ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಆದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದೋರು ದೂರು ಕೊಡಲೇಬೇಕು, ಮುಚ್ಚಿಡೋದೇ ಅಪರಾಧ. ಬೇರೆ ಥರ ತೊಂದರೆ ಆದ್ರೆ ಮಕ್ಕಳ ಸಹಾಯವಾಣಿ 1098 ಇದೆ. ಯಾರು ಫೋನ್ ಮಾಡೋದು, ಮಗು ಜೊತೆ ಯಾರಿರೋದು ಅಂತ ಮೊದಲನೇ ಮೀಟಿಂಗಲ್ಲೇ ತೀರ್ಮಾನ ಮಾಡಿ ಬರ್ದಿಟ್ಕೊಳಿ. ಅಪ್ಪ ಅಮ್ಮ ಸಹಿ ಹಾಕಿದ್ರೂ ಮಗು ಬೇಡ ಅಂದ್ರೆ ಅಲ್ಲಿಗೆ ನಿಲ್ಸಿ. ಆ ಹುಡುಗಿ ಹೇಳಿದ ಒಂದಕ್ಷರಾನೂ ನಾವು ವರದಿಗೆ ಹಾಕ್ಲಿಲ್ಲ.

ನಿಮ್ಮ ಒಪ್ಪಿಗೆ ಪತ್ರ ಬರ್ದಾದ ಮೇಲೆ ಇಲ್ಲಿ ಹಾಕಿ ಮೇಡಂ, ಓದಿ ಹೇಳ್ತೀನಿ. ಓದೋಕೆ ಬಾರದ ತಾಯಂದ್ರಿಗೆ ಬಾಯಲ್ಲಿ ಹೇಳೋ ಹಂಗೆ ನಾವು ಬೇರೆ ಒಂದು ಮಾಡ್ಕೊಂಡಿದ್ವಿ, ಅದನ್ನೂ ಕಳಿಸ್ತೀನಿ.